ತಾಳೆಯೋಲೆಯ ಚಿತ್ರಶೋಧನೆ ಮತ್ತು ಸೊನ್ನೆಯ ಪ್ರಶ್ನೆ

ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಯೋಲೆಗಳನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರು 2006ರ ಸುಮಾರಿಗೆ ಅವಕೆಂಪು ಕಿರಣದಲ್ಲಿ ಚಿತ್ರಿಸಿದರು. ಆ ಕಿರಣದಲ್ಲಿ ಕಂದಿದ ಓಲೆ ಬೆಳಗುತ್ತದೆ; ಕಾಡಿಗೆಯ ಮಸಿ ಕಪ್ಪಾಗಿಯೇ ಉಳಿಯುತ್ತದೆ.

ಚಿತ್ರಗಳ ಕಲೆ ನೀಗಲು ಇಂದು ಓಪನ್‌ಸಿವಿ ಎಂಬ ತಂತ್ರಾಂಶಭಂಡಾರದ ಶೋಧಕಗಳು ಬಳಕೆಯಲ್ಲಿವೆ. ಅವುಗಳಲ್ಲೊಂದಾದ ಮಧ್ಯಾಂಕ ಶೋಧಕವು ವರ್ಣಪದರಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿ ಚಿತ್ರಬಿಂದುವಿಗೂ ನೆರೆಯ ಬಿಂದುಗಳ ನಡುವಣ ಮೌಲ್ಯವನ್ನು ಕೊಡುತ್ತದೆ. ಕಲೆಯೊಡನೆ ಸಣ್ಣ ಸೊನ್ನೆಯೂ ಅಳಿಯಬಹುದು. ಕನ್ನಡ ಲಿಪಿಯ ಪ್ರಾಕೃತ ಓಲೆಗಳಲ್ಲಿ ಸೊನ್ನೆಯು ಅನುಸ್ವಾರವನ್ನು ಮಾತ್ರವಲ್ಲ, ಮುಂದಿನ ವ್ಯಂಜನದ ದ್ವಿತ್ವವನ್ನೂ ಸೂಚಿಸುವುದುಂಟೆಂಬುದು ವಿದ್ವಾಂಸರಿಗೆ ವಿದಿತ. ಅದು ಅಳಿದರೆ ಪಾಠವೇ ಬೇರೆಯಾಗುತ್ತದೆ. ಅಳಿದುದಕ್ಕೆ ಗುರುತೂ ಉಳಿಯದು.

ಆದುದರಿಂದ ಶೋಧಿಸದ ಮೂಲಚಿತ್ರವನ್ನು ಪ್ರತ್ಯೇಕವಾಗಿ ಕಾಯ್ದಿಡತಕ್ಕದ್ದು. ಶೋಧಿತ ಚಿತ್ರದಿಂದ ದೊರೆತ ಪಾಠವನ್ನು ಅದರೊಡನೆ ಹೋಲಿಸಿಯೇ ಸ್ವೀಕರಿಸತಕ್ಕದ್ದು.