ಚೆಂಡು ಮುಟ್ಟಬಹುದು, ಲೋಟ ಮುಟ್ಟಬಾರದು

ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಹುಡುಗ ಪಲ್ವಂಕರ್ ಬಾಳೂ ಪುಣೆಯಲ್ಲಿ ಹಿಂದೂಗಳ ತಂಡಕ್ಕೆ ಬೌಲಿಂಗ್ ಮಾಡಿದ. ಅವನು ಮುಟ್ಟಿದ ಚೆಂಡನ್ನು ಮೇಲ್ಜಾತಿಯವರೂ ಮುಟ್ಟಿದರು. ಚಹಾ ಮಾತ್ರ ಅವನಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿನಲ್ಲಿ ನೂರಕ್ಕೂ ಮೀರಿ ವಿಕೆಟ್ ಕಿತ್ತವನು ಅವನೇ.

ಮೈದಾನದ ಈ ಕತೆಯೇ ನಮ್ಮ ಊರಬೀದಿಗಳದ್ದೂ. ಗೌಡರ ಬೀದಿ ಬಂತೆಂದರೆ ನಮ್ಮಪ್ಪಂದಿರು ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಬಾವಿ, ಕೆರೆ, ರಸ್ತೆಗಳಲ್ಲಿ ಜಾತಿ ನೋಡಿ ತಡೆಯಕೂಡದು ಎಂದು 1950ರ ಸಂವಿಧಾನ ಹೇಳಿತು. ಸಾಲಲಿಲ್ಲ. ನಾವು ಸೈಕಲ್ ಹತ್ತುವುದನ್ನು ತಡೆಯುವುದೂ ಅಪರಾಧವೆಂದು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ಬಿಡಿಸಿ ಬರೆಯಬೇಕಾಯ್ತು.

ಮೇಷ್ಟ್ರೇ, ನಿಮ್ಮ ಶಾಲೆ ಬಯಲಲ್ಲಿ ಕೇರಿಯ ಮಕ್ಕಳು ಆಡುತ್ತಾರೋ, ಬರೀ ಚೆಂಡು ಹೆಕ್ಕಿ ಕೊಡುತ್ತಾರೋ? ಒಮ್ಮೆ ನೋಡಿ. ನಾವು ಕೇಳ್ತಿರೋದು ಭಿಕ್ಷೆಯಲ್ಲ. ಬಯಲು ಯಾರಪ್ಪನದೂ ಅಲ್ಲ.