ಹಳೆಯ ಹೋಟೆಲುಗಳು, ಸಾಹೇಬರ ಪ್ರೇತಗಳು

ನಮ್ಮ ಕಡೆ ಹೋಟೆಲೆಂದರೆ ಮೊದಲು ನೆನಪಾಗುವುದು ದೋಸೆ, ಕಾಫಿ, ಮತ್ತು ನಾವು ತಿಂದು ಏಳುವುದನ್ನೇ ಕಾಯುತ್ತ ಬೆನ್ನ ಹಿಂದೆ ನಿಂತಿರುವ ಜನ. ಅಂಥ ಸ್ಥಳದಲ್ಲಿ ದೆವ್ವವೊಂದು ನೆಲೆಸಬೇಕೆಂದರೂ ಅದಕ್ಕೆ ಕೂರಲು ಎಡೆ ಸಿಗದು. ದೆವ್ವಗಳು ವಾಸಿಸುವ ಹೋಟೆಲು ಬೇರೆಯ ಜಾತಿಯದು. ಎತ್ತರದ ಸೂರು, ಉದ್ದವಾದ ಕತ್ತಲೆಯ ಕಾರಿಡಾರು, ಹೆಜ್ಜೆಯಿಟ್ಟರೆ ನರಳುವ ಮರದ ಮೆಟ್ಟಿಲು, ಗೋಡೆಯಲ್ಲಿ ಮಂಕಾದ ಕನ್ನಡಿ: ಇಷ್ಟಿದ್ದರೆ ಸಾಕು, ಕಥೆ ತಾನಾಗಿ ಬಂದು ಸೇರಿಕೊಳ್ಳುತ್ತದೆ.

ಮನೆಯ ದೆವ್ವಕ್ಕೂ ಹೋಟೆಲಿನ ದೆವ್ವಕ್ಕೂ ಒಂದು ವ್ಯತ್ಯಾಸವುಂಟು. ಮನೆಯಲ್ಲಿ ಸತ್ತವರು ನಮ್ಮ ಅಜ್ಜನೋ ಚಿಕ್ಕಮ್ಮನೋ ಆಗಿರುತ್ತಾರೆ. ವರ್ಷಕ್ಕೊಮ್ಮೆ ಎಡೆಯಿಟ್ಟು ಕೈಮುಗಿದರೆ ಅವರ ಲೆಕ್ಕ ಚುಕ್ತಾ ಆಯಿತೆಂದು ನಾವು ನೆಮ್ಮದಿಯಿಂದಿರುತ್ತೇವೆ. ಹೋಟೆಲಿನ ಕೋಣೆಯಲ್ಲಿ ಸತ್ತವನಿಗೆ ಎಡೆಯಿಡುವವರಿಲ್ಲ. ಹಾಸಿಗೆಯ ಹೊದಿಕೆ ಬದಲಾಯಿಸಿ ಮರುದಿನ ಆ ಕೋಣೆಯನ್ನು ಇನ್ನೊಬ್ಬನಿಗೆ ಕೊಡುತ್ತಾರೆ. ಆ ಇನ್ನೊಬ್ಬನಿಗೆ ರಾತ್ರಿ ನಿದ್ದೆ ಬಾರದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಬಗೆಯ ಕಥೆಗಳನ್ನು ಬಹುಕಾಲದಿಂದ ಓದುತ್ತ ಕೇಳುತ್ತ ಬಂದಿರುವ ನನಗೆ ದೆವ್ವ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಅಷ್ಟಾಗಿ ಕಾಡಿಲ್ಲ. ಕಾಡಿರುವುದು ಮತ್ತೊಂದು. ನಮ್ಮ ದೇಶದ ಹಳೆಯ ಹೆಸರಾಂತ ಹೋಟೆಲುಗಳಲ್ಲಿ ಸುಳಿದಾಡುವ ಪ್ರೇತಗಳನ್ನು ಗಮನಿಸಿ: ಅವುಗಳಲ್ಲಿ ಹೆಚ್ಚಿನವು ಸಾಹೇಬರವು, ಇಲ್ಲವೇ ಮೇಮ್‌ಸಾಹೇಬರವು. ಸಾವು ಎಲ್ಲರಿಗೂ ಬಂದಿತ್ತಲ್ಲ, ಪ್ರೇತವಾಗುವ ಅವಕಾಶ ಮಾತ್ರ ಕೆಲವರಿಗೇ ಏಕೆ ಸಿಕ್ಕಿತು?

ರಾಜಸ್ಥಾನದ ಕೋಟಾ ನಗರದಿಂದ ಪ್ರಾರಂಭಿಸೋಣ. ಅಲ್ಲಿ ಚಂಬಲ್ ನದಿಯ ದಂಡೆಯ ಮೇಲೆ ಬ್ರಿಜ್‌ರಾಜ್ ಭವನವೆಂಬ ಅರಮನೆಯಿದೆ. ಈಚಿನ ದಶಕಗಳಲ್ಲಿ ಹೋಟೆಲಾದ ಈ ಕಟ್ಟಡ ಹಿಂದೆ ಬ್ರಿಟಿಷ್ ರೆಸಿಡೆನ್ಸಿಯಾಗಿತ್ತು. 1857ರಲ್ಲಿ ಇಲ್ಲಿ ಪೊಲಿಟಿಕಲ್ ಏಜೆಂಟನಾಗಿದ್ದವನು ಮೇಜರ್ ಚಾರ್ಲ್ಸ್ ಬರ್ಟನ್. ದಂಗೆ ಹಬ್ಬಿದ್ದ ಆ ದಿನಗಳಲ್ಲಿ ಹೆಂಡತಿಯನ್ನು ನೀಮಚ್‌ನಲ್ಲಿ ಬಿಟ್ಟು, ಇಬ್ಬರು ಗಂಡುಮಕ್ಕಳೊಡನೆ ಆತ ಕೋಟಾಕ್ಕೆ ಹಿಂತಿರುಗಿದ. ಹಿಂತಿರುಗಿ ಕೆಲವೇ ದಿನಗಳಾಗಿದ್ದವು. ಅಕ್ಟೋಬರ್ 15ರಂದು ಮಹಾರಾವ್ ರಾಮ್‌ಸಿಂಗನ ಸೈನಿಕರೇ ತಿರುಗಿಬಿದ್ದು ರೆಸಿಡೆನ್ಸಿಯನ್ನು ಮುತ್ತಿದರು. ಸೇವಕರು ಓಡಿಹೋದರು. ತಂದೆ ಮತ್ತು ಮಕ್ಕಳು ಮಾಳಿಗೆಯ ಮೇಲೆ ಹಲವು ಗಂಟೆಗಳ ಕಾಲ ತಡೆದು ನಿಂತು, ಕೊನೆಗೆ ಮೂವರೂ ಹತರಾದರು.

ಅಂದಿನಿಂದ ಬರ್ಟನ್ ಅಲ್ಲೇ ಇದ್ದಾನೆಂದು ಪ್ರತೀತಿ. ಆತ ಹತನಾದ ಹಜಾರವನ್ನು ತಮ್ಮ ದಿವಾನಖಾನೆ ಮಾಡಿಕೊಂಡಿದ್ದ ಕೋಟಾದ ಮಾಜಿ ಮಹಾರಾಣಿಯವರು, ತಾವು ಆತನನ್ನು ಹಲವು ಬಾರಿ ಕಂಡುದಾಗಿ 1980ರಲ್ಲಿ ಬ್ರಿಟಿಷ್ ಪತ್ರಕರ್ತರಿಗೆ ತಿಳಿಸಿದ್ದರು. ಈ ಪ್ರೇತ ಅತಿಥಿಗಳಿಗೆ ತೊಂದರೆ ಕೊಡುವುದಿಲ್ಲ. ಆದರೆ ರಾತ್ರಿ ಪಹರೆಯವನು ತೂಕಡಿಸಿದರೆ ಇಂಗ್ಲಿಷಿನಲ್ಲಿ ಗದರಿಸಿ ಕೆನ್ನೆಗೆ ಏಟು ಕೊಡುತ್ತದಂತೆ. ಸತ್ತ ಮೇಲೂ ಕವಾಯತು ಬಿಡದ ಈ ಮೇಜರನನ್ನು ನೆನೆದರೆ ನನಗೆ ನಗು ಬರುತ್ತದೆ, ಮರುಕವೂ ಆಗುತ್ತದೆ. ಅಂದು ಪಹರೆಯವರು ನಿದ್ದೆಹೋದದ್ದರಿಂದ ಆತ ಸಾಯಲಿಲ್ಲ. ಅವರು ಎಚ್ಚೆತ್ತದ್ದರಿಂದ ಸತ್ತ. ಪ್ರೇತಕ್ಕೆ ಇದಿನ್ನೂ ತಿಳಿದಂತಿಲ್ಲ.

ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಕೋಟಾ ನಗರ ಸುಮಾರು ಆರು ತಿಂಗಳು ಬಂಡಾಯಗಾರರ ಕೈಯಲ್ಲಿತ್ತು. 1858ರ ಮಾರ್ಚ್ ಕೊನೆಯಲ್ಲಿ ಜನರಲ್ ರಾಬರ್ಟ್ಸನ ಸೈನ್ಯ ಬಂದು ಅದನ್ನು ಹಿಂದಕ್ಕೆ ಪಡೆಯಿತು. ಅದಾದ ಮೇಲೆ ನಡೆದ ಸೇಡಿನ ವಿವರಗಳನ್ನು ಹೇಳುವುದು ಬೇಡ. ಬಂಡಾಯದ ಮುಂದಾಳುಗಳಾದ ಜಯದಯಾಳ ಮತ್ತು ರಿಸಾಲ್ದಾರ ಮೆಹ್ರಾಬ್ ಖಾನ್ ಕೆಲಕಾಲದ ಬಳಿಕ ಸೆರೆಸಿಕ್ಕಿ, 1860ರಲ್ಲಿ ಕೋಟಾದಲ್ಲಿಯೇ ಗಲ್ಲಿಗೇರಿದರು. ಅಕಾಲಮರಣವೇ ಪ್ರೇತತ್ವಕ್ಕೆ ಕಾರಣವಾಗುವುದಾದರೆ ಇವರಿಗೂ ಆ ಹಕ್ಕು ಇರಬೇಕಾಗಿತ್ತು. ಬ್ರಿಜ್‌ರಾಜ್ ಭವನದ ಪ್ರಸಿದ್ಧ ಕಥೆಯಲ್ಲಿ ಮಾತ್ರ ಅವರಿಗೆ ಪ್ರವೇಶವಿಲ್ಲ.

ಮಸ್ಸೂರಿಯ ಸವಾಯ್ ಹೋಟೆಲು ಇರುವುದು ಬೆಟ್ಟದ ಊರಿನಲ್ಲಿ. ಆದರೆ ಬಿಸಿಲಿನ ತಿಂಗಳುಗಳಲ್ಲಿ ಲಖನೌ, ಅಲಹಾಬಾದುಗಳ ಸಾಹೇಬರ ಸಮಾಜ ಅಲ್ಲಿಗೆ ಹತ್ತಿಹೋಗುತ್ತಿದ್ದುದರಿಂದ ಅದನ್ನೂ ಈ ಪಂಕ್ತಿಗೆ ಸೇರಿಸಬಹುದು. 1902ರಲ್ಲಿ ತೆರೆದ ಈ ಹೋಟೆಲಿಗೆ 1911ರಲ್ಲಿ ಫ್ರಾನ್ಸೆಸ್ ಗಾರ್ನೆಟ್-ಓರ್ಮ್ ಎಂಬ ಮಹಿಳೆ ಬಂದಿಳಿದಳು. ಸತ್ತವರೊಡನೆ ಮಾತನಾಡಬಹುದೆಂದು ನಂಬಿದ್ದವಳು; ಸ್ಫಟಿಕದ ಗೋಳದಲ್ಲಿ ದೃಷ್ಟಿಯಿಡುವ ಅಭ್ಯಾಸವುಳ್ಳ ಸಂಗಾತಿಯೊಬ್ಬಳು ಜೊತೆಗಿದ್ದಳು. ಸಂಗಾತಿ ಊರಿಗೆ ಮರಳಿದ ಬಳಿಕ ಒಂದು ಬೆಳಿಗ್ಗೆ ಫ್ರಾನ್ಸೆಸ್ ತನ್ನ ಕೋಣೆಯಲ್ಲಿ ಹೆಣವಾಗಿ ಸಿಕ್ಕಳು. ಶವಪರೀಕ್ಷೆಯಲ್ಲಿ ಪ್ರಸಿಕ್ ಆಮ್ಲವೆಂಬ ವಿಷ ಕಂಡಿತು. ಸಂಗಾತಿಯ ಮೇಲೆ ಅಲಹಾಬಾದಿನಲ್ಲಿ ವಿಚಾರಣೆ ನಡೆದು ಆಕೆ ಬಿಡುಗಡೆಯಾದಳು. ಅಪರಾಧಿ ಯಾರೆಂಬುದು ಇತ್ಯರ್ಥವಾಗಲೇ ಇಲ್ಲ. ವಿಷ ಕೊಟ್ಟವರನ್ನು ಹುಡುಕುತ್ತ ಆಕೆ ಇಂದಿಗೂ ಕಾರಿಡಾರುಗಳಲ್ಲಿ ಅಲೆಯುತ್ತಾಳೆಂದು ಕಥೆ. 1920ರಲ್ಲಿ ಪ್ರಕಟವಾದ ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿಗೆ ಈ ಪ್ರಕರಣವೇ ಪ್ರೇರಣೆಯೆಂದು ಹೇಳುವುದುಂಟು. ಆ ಹೋಟೆಲಿನ ಪಿಯಾನೋಗಳನ್ನೂ ಬಿಲಿಯರ್ಡ್ಸ್ ಮೇಜುಗಳನ್ನೂ ಬೆಟ್ಟದ ಬುಡದ ರಾಜಪುರದಿಂದ ಎತ್ತಿನ ಗಾಡಿಗಳಲ್ಲಿ ಏರಿಸಿ ತಂದವರ ಬಗ್ಗೆ ಯಾರೂ ಕಾದಂಬರಿ ಬರೆದಂತಿಲ್ಲ.

ಇನ್ನು ಮುಂಬಯಿ. ನಾನು ನಿಜವಾಗಿ ಹೇಳಬೇಕೆಂದಿರುವುದು ಅಲ್ಲಿಯ ತಾಜ್‌ಮಹಲ್ ಹೋಟೆಲಿನ ಸಂಗತಿ. ಅಪೊಲೊ ಬಂದರಿನಲ್ಲಿ ನಿಂತು ಆ ಕಟ್ಟಡವನ್ನು ನೋಡುತ್ತಿದ್ದರೆ, ಕೇಳದಿದ್ದರೂ ಯಾರಾದರೊಬ್ಬರು ಈ ಕಥೆಯನ್ನು ಹೇಳಿಯೇ ಹೇಳುತ್ತಾರೆ. ಮೊದಲ ಸಲ ಹೋಗಿದ್ದಾಗ ನನಗೆ ಹೇಳಿದವನು ಒಬ್ಬ ಫೋಟೋ ತೆಗೆಯುವವನು. ಇಂಗ್ಲಿಷ್ ವಾಸ್ತುಶಿಲ್ಪಿಯೊಬ್ಬ ನಕ್ಷೆ ಬರೆದುಕೊಟ್ಟು ವಿಲಾಯತಿಗೆ ಹೋದನಂತೆ. ಹಿಂತಿರುಗಿ ಬಂದು ನೋಡಿದರೆ ಕಟ್ಟಡ ಹಿಂದುಮುಂದಾಗಿ ನಿಂತಿದೆ: ಕಡಲಿಗೆ ಮುಖಮಾಡಬೇಕಾದ್ದು ಊರಿಗೆ ಮುಖಮಾಡಿದೆ. ಅವಮಾನ ತಾಳಲಾರದೆ ಮೇಲಿನ ಅಂತಸ್ತಿನಿಂದ ಹಾರಿ ಪ್ರಾಣ ಬಿಟ್ಟನಂತೆ. ಅವನೇ ಈಗ ಹಳೆಯ ಭಾಗದ ಮೊಗಸಾಲೆಗಳಲ್ಲಿ ತಿರುಗುವ ಪ್ರೇತ. ಕಥೆಯಲ್ಲಿ ಅವನಿಗೊಂದು ಹೆಸರೂ ಇದೆ: ಡಬ್ಲ್ಯು. ಎ. ಚೇಂಬರ್ಸ್.

ಕಥೆ ಸೊಗಸಾಗಿದೆ. ನಮಗಂತೂ ಇದರ ರೂಪ ಬಹಳ ಪರಿಚಿತ. ಬೇಲೂರಿನಲ್ಲಿ ತಾನು ಕಡೆದ ವಿಗ್ರಹದಲ್ಲಿ ಹುಡುಗನೊಬ್ಬ ದೋಷ ತೋರಿಸಿದಾಗ ಜಕಣಾಚಾರಿ ತನ್ನ ಬಲಗೈಯನ್ನೇ ಕಡಿದುಕೊಂಡ ಎಂಬುದನ್ನು ಕೇಳಿಯೇ ಬೆಳೆದವರು ನಾವು. ದೊಡ್ಡ ಕಟ್ಟಡ, ಅದರಲ್ಲೊಂದು ತಪ್ಪು, ಆ ತಪ್ಪಿಗೆ ಕಟ್ಟಿದವನು ತನ್ನ ದೇಹದಿಂದಲೇ ತೆರುವ ದಂಡ. ಮುಂಬಯಿಯವರು ಈ ಕಥೆಯನ್ನು ನಮ್ಮಿಂದ ತೆಗೆದುಕೊಂಡರೆಂದು ನಾನು ಹೇಳುತ್ತಿಲ್ಲ. ಮಹಾಕೃತಿಯನ್ನು ಕಂಡಾಗ ಜನರಿಗೆ ಹೀಗೆ ಊಹಿಸಿಕೊಳ್ಳಬೇಕೆನಿಸುತ್ತದೆಯೆಂದು ಕಾಣುತ್ತದೆ.

ಇತಿಹಾಸ ಹೇಳುವುದು ಬೇರೆ. ಜಮ್‌ಷೇಟ್‌ಜಿ ಟಾಟಾ ಈ ಹೋಟೆಲನ್ನು ಕಟ್ಟಿಸಲು ತೊಡಗಿದ್ದು 19ನೆಯ ಶತಮಾನದ ಕಡೆಯ ವರ್ಷಗಳಲ್ಲಿ. ನಕ್ಷೆಯನ್ನು ವಹಿಸಿದ್ದು ಇಬ್ಬರು ಭಾರತೀಯರಿಗೆ: ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಡಿ. ಎನ್. ಮಿರ್ಜಾ. ಕಟ್ಟುವ ಗುತ್ತಿಗೆ ಹಿಡಿದವರು ಸೊರಾಬ್ಜಿ ರತ್ತನ್‌ಜಿ ಕಂಟ್ರಾಕ್ಟರ್. ನಡುವೆ ಆಧಾರವೇ ಇಲ್ಲದೆ ತೇಲುವಂತೆ ಕಾಣುವ ಆ ಹೆಸರಾಂತ ಮೆಟ್ಟಿಲಸಾಲು ಅವರದೇ ಕಲ್ಪನೆ. ಕಟ್ಟಡ ಇನ್ನೂ ಮೇಲೇಳುತ್ತಿರುವಾಗಲೇ ವೈದ್ಯರು ತೀರಿಕೊಂಡರು. ಉಳಿದ ಕೆಲಸವನ್ನು ಪೂರೈಸಲು ಬಂದವರೇ ಚೇಂಬರ್ಸ್. ಮುಗಿಸಲೆಂದು ಬಂದು ದಿನವೂ ಕಣ್ಣೆದುರು ಕೆಲಸ ನೋಡುತ್ತಿದ್ದ ಮನುಷ್ಯ ಕಟ್ಟಡ ತಿರುಗಿ ನಿಂತಿತೆಂದು ಒಂದು ಬೆಳಿಗ್ಗೆ ಹಠಾತ್ತನೆ ಬೆಚ್ಚಿಬೀಳಲು ಹೇಗೆ ಸಾಧ್ಯ? ಅವರು ಆತ್ಮಹತ್ಯೆ ಮಾಡಿಕೊಂಡರೆಂಬುದಕ್ಕೆ ಯಾವ ಆಧಾರವೂ ಇಲ್ಲ.

ಕಟ್ಟಡ ತಿರುಗಿ ನಿಂತಿತೆಂಬುದೂ ಇಂದಿನ ಕಣ್ಣಿಗೆ ಕಾಣುವ ಭ್ರಮೆ. ಹೋಟೆಲು ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು, ಹದಿನೇಳು ಮಂದಿ ಅತಿಥಿಗಳೊಡನೆ. ಆಗ ಗೇಟ್‌ವೇ ಆಫ್ ಇಂಡಿಯಾ ಇರಲಿಲ್ಲ. ಅದಕ್ಕೆ ಅಸ್ತಿಭಾರವಿಟ್ಟದ್ದು 1913ರಲ್ಲಿ, ಉದ್ಘಾಟನೆಯಾದದ್ದು 1924ರಲ್ಲಿ. ಜನರು ಸಾರೋಟುಗಳಲ್ಲಿ ಬರುತ್ತಿದ್ದುದು ಊರಿನ ಕಡೆಯಿಂದ. ಮಹಾದ್ವಾರವನ್ನು ಪಶ್ಚಿಮಕ್ಕೆ ಇಟ್ಟದ್ದು ಸಹಜವೇ ಆಗಿತ್ತು. ಕಡಲಿನ ಕಡೆಯ ಗೋಡೆಯುದ್ದಕ್ಕೂ ಅತಿಥಿಗಳ ಕೋಣೆಗಳು ದೊರೆತವು. ಮುಂದೆ ಕಡಲ ದಂಡೆಯೇ ಮೆರವಣಿಗೆಯ ಜಾಗವಾದಾಗ ಬಾಗಿಲೂ ಅತ್ತ ಸರಿಯಿತು. ಆ ಬದಲಾವಣೆಯನ್ನು ಮರೆತ ತಲೆಮಾರು ಅದನ್ನು ತಪ್ಪೆಂದು ಓದಿಕೊಂಡಿತು. ತಪ್ಪಿಗೊಬ್ಬ ತಪ್ಪಿತಸ್ಥ ಬೇಕಾದ. ತಪ್ಪಿತಸ್ಥ ಇಂಗ್ಲಿಷಿನವನೇ ಆಗಬೇಕಾಯಿತೇಕೆ? ಅಷ್ಟು ಭವ್ಯವಾದುದನ್ನು ನಮ್ಮವರು ಬರೆದಿರಲಾರರೆಂಬ ನಂಬಿಕೆಯೇ ಅದಕ್ಕೆ ಕಾರಣವೆಂದು ನನಗೆ ತೋರುತ್ತದೆ. ನಕ್ಷೆ ಸಾಹೇಬನದು, ಹಾಳುಮಾಡಿದವರು ಇಲ್ಲಿಯ ಕೂಲಿಗಳು ಎಂಬ ತಾತ್ಸಾರ ಆ ಪ್ರೇತಕಥೆಯ ಹೊಟ್ಟೆಯಲ್ಲಿ ಅಡಗಿದೆ. ಅದನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಿರುವವರು ನಾವೇ.

ನಿಜವಾಗಿ ಸತ್ತವರ ಲೆಕ್ಕ ಹಿಡಿದರೆ ಆ ಹೋಟೆಲಿಗೆ ಪ್ರೇತಗಳ ಬರವಿಲ್ಲ. ಮುಂಬಯಿಗೆ ಪ್ಲೇಗು ಬಂದದ್ದು 1896ರಲ್ಲಿ. ಮಾಂಡ್ವಿಯ ಇಕ್ಕಟ್ಟಾದ ಓಣಿಗಳಲ್ಲಿ ಡಾಕ್ಟರ್ ಅಕಾಸಿಯೋ ವೀಗಾಸ್ ಅದನ್ನು ಮೊದಲು ಗುರುತಿಸಿದರು. ಊರು ಬಿಡಬಲ್ಲವರು ಬಿಟ್ಟರು. ಬಿಡಲಾಗದ ಬಡವರು ಸತ್ತರು. ಮಾರಿ ಒಂದೇ ವರ್ಷಕ್ಕೆ ಹೋಗಲಿಲ್ಲ, ಮತ್ತೆ ಮತ್ತೆ ಬಂದಿತು. ಆ ವರ್ಷಗಳಲ್ಲಿಯೇ ಈ ಗೋಡೆಗಳು ಎದ್ದವು. ಕಟ್ಟಿಸಿದ ಟಾಟಾ ಕೂಡ ಹೋಟೆಲು ತೆರೆದ ಐದೇ ತಿಂಗಳಿಗೆ, 1904ರ ಮೇ 19ರಂದು ಜರ್ಮನಿಯಲ್ಲಿ ಕಣ್ಣುಮುಚ್ಚಿದರು. ಮೊದಲ ಮಹಾಯುದ್ಧದಲ್ಲಿ ಅದೇ ಹೋಟೆಲು ಆರುನೂರು ಹಾಸಿಗೆಗಳ ಆಸ್ಪತ್ರೆಯಾಯಿತು.

ಕೊನೆಗೆ 2008ರ ನವೆಂಬರ್ 26. ಆ ರಾತ್ರಿಯಿಂದ 29ರ ಬೆಳಗಿನವರೆಗೆ ಏನು ನಡೆಯಿತೆಂಬುದನ್ನು ನೀವೆಲ್ಲ ನೋಡಿದ್ದೀರಿ. ನಡುಗುಮ್ಮಟದ ಪಕ್ಕದಿಂದ ಹೊಗೆ ಏಳುತ್ತಿದ್ದ ಚಿತ್ರ ಮರೆಯುವಂಥದಲ್ಲ. ತಾಜ್‌ನಲ್ಲಿ ಸತ್ತವರು ಮೂವತ್ತೊಂದು ಮಂದಿ. ಅತಿಥಿಗಳ ಜೊತೆಗೆ, ಅವರನ್ನು ಹಿಂಬಾಗಿಲಿನಿಂದ ದಾಟಿಸಲು ಹೋಗಿ ತಾವು ಗುಂಡಿಗೆ ಸಿಕ್ಕ ಅಡುಗೆಮನೆಯ ಕೆಲಸಗಾರರೂ ಅವರಲ್ಲಿದ್ದರು. ಬೆಂಗಳೂರಿನಲ್ಲಿ ಓದಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಕಮಾಂಡೊ ಪಡೆಯೊಡನೆ ಒಳಹೊಕ್ಕು, ಗಾಯಗೊಂಡ ಸಂಗಡಿಗನನ್ನು ಸಾಗಿಸುವ ಏರ್ಪಾಡು ಮಾಡಿ, ತಾವೊಬ್ಬರೇ ಮುಂದೆ ಹೋಗಿ ಪ್ರಾಣ ಕೊಟ್ಟರು. ಆಗ ಅವರಿಗೆ ಮೂವತ್ತೊಂದು ವರ್ಷ. ಕೋಟಾದ ಮೇಜರನ ಕಥೆಗೂ ಈ ಮೇಜರರ ಕಥೆಗೂ ನಡುವೆ ನೂರೈವತ್ತು ವರ್ಷಗಳು ಹಾದುಹೋಗಿದ್ದವು.

ಸುಟ್ಟ ಭಾಗವನ್ನು ಸರಿಪಡಿಸಿ 2010ರ ಆಗಸ್ಟ್ 15ರಂದು ಮತ್ತೆ ತೆರೆದರು. ಸತ್ತ ಮೂವತ್ತೊಂದು ಮಂದಿಯ ಹೆಸರುಗಳನ್ನು ಹೋಟೆಲಿನೊಳಗೆ ಒಂದು ಸ್ಮಾರಕದಲ್ಲಿ ಕೆತ್ತಿದ್ದಾರೆ. ಅತಿಥಿಯ ಹೆಸರು, ಅಡುಗೆಯವನ ಹೆಸರು ಒಂದೇ ಪಟ್ಟಿಯಲ್ಲಿವೆ. ಎಡೆಯಿಡುವವರಿಲ್ಲದ ಹೋಟೆಲಿನ ಸಾವಿಗೆ ಇದೂ ಒಂದು ಬಗೆಯ ಎಡೆಯೇ. ಬೇಲೂರಿನಲ್ಲಿಯೂ ಹೀಗೆಯೇ ಅಲ್ಲವೇ? ಜಕಣಾಚಾರಿಯ ಹೆಸರು ಅಲ್ಲಿಯ ಶಾಸನಗಳಲ್ಲಿ ಸಿಗುವುದಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರು ಮದನಿಕೆಯರ ಪೀಠದಲ್ಲಿ ತಮ್ಮ ಹೆಸರನ್ನು ತಾವೇ ಕೆತ್ತಿಟ್ಟಿದ್ದಾರೆ. ಪ್ರವಾಸಿಗಳು ಕೇಳುವುದು ಮಾತ್ರ ಕೈ ಕಡಿದುಕೊಂಡವನನ್ನು.

ಹೋದ ಸಲ ಮುಂಬಯಿಗೆ ಹೋಗಿದ್ದಾಗ ಸಂಜೆ ಮತ್ತೆ ಆ ದಂಡೆಗೆ ಹೋದೆ. ಕಥೆ ಹೇಳಲು ಬಂದ ಹುಡುಗನಿಗೆ, ನಕ್ಷೆ ಬರೆದವರು ಸೀತಾರಾಮ ವೈದ್ಯರೆಂದು ನಾನೇ ಹೇಳಿದೆ. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ದೆವ್ವವಾದವನು ಅವನೇ ಏನು?” ಎಂದು ಕೇಳಿದ. ಅಲ್ಲವೆಂದೆ. ಅವನಿಗೆ ಆಸಕ್ತಿ ಹೋಯಿತು. ಬೇರೆಯ ಗಿರಾಕಿಯತ್ತ ನಡೆದ. ನಾನು ಪಕ್ಕದ ಬೀದಿಯಿಂದ ಬಳಸಿಕೊಂಡು ಕಟ್ಟಡದ ಆ ಬದಿಗೆ ಹೋದೆ. ಸಾರೋಟುಗಳು ಬಂದು ನಿಲ್ಲುತ್ತಿದ್ದ ಎಡೆಯಲ್ಲಿ ಈಗ ಈಜುಕೊಳವಿದೆ. ಎಲ್ಲರೂ ಹಿಂಬದಿಯೆಂದು ಕರೆಯುವ ಅದೇ ವೈದ್ಯರ ಕಾಲದ ಮುಂಬದಿ.