ಗ್ರಾಮೀಣ ಪ್ರಾಥಮಿಕ ಶಾಲೆ ಮತ್ತು ಸಾಂಕ್ರಾಮಿಕ ರೋಗ ತಡೆ: ಚಿಕ್ಕಬಳ್ಳಾಪುರ ಸೀಮೆಯ ಒಂದು ಚಾರಿತ್ರಿಕ ನೋಟ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯ ಭಾಗಗಳಾಗಿದ್ದವು. ವರ್ಷವಿಡೀ ಹರಿಯುವ ನದಿಯಿಲ್ಲದೆ, ಕೆರೆ ಬಾವಿಗಳನ್ನೂ ಅನಂತರ ಕೊಳವೆಬಾವಿಗಳನ್ನೂ ನೆಚ್ಚಿಕೊಂಡ ಈ ಸೀಮೆಯ ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಆಸ್ಪತ್ರೆಗಳ ಮೂಲಕ ಮಾತ್ರ ಅರಿಯಲಾಗದು. ಗ್ರಾಮದ ಪ್ರಾಥಮಿಕ ಶಾಲೆಯೂ ಅದರ ಒಂದು ಮುಖ್ಯ ನೆಲೆ. ಮಕ್ಕಳು ಒಂದೆಡೆ ಸೇರುವುದರಿಂದ ಶಾಲೆಯು ರೋಗ ಹರಡುವ ತಾಣವಾಗಬಲ್ಲದು. ಅದೇ ಕಾರಣದಿಂದ ರೋಗವನ್ನು ತಡೆಯುವ ಸಾಧನವೂ ಆಗಬಲ್ಲದು.

ಮೈಸೂರು ಸಂಸ್ಥಾನದ ಕಾಲದಲ್ಲಿಯೇ ರೋಗ ತಡೆಯ ಎರಡು ಮಾರ್ಗಗಳು ಕಾಣಿಸಿಕೊಂಡಿದ್ದವು. ಸಿಡುಬಿನ ವಿರುದ್ಧದ ಲಸಿಕೆ 1806ರ ವೇಳೆಗೆ ಮೈಸೂರು ಅರಮನೆಯನ್ನು ಪ್ರವೇಶಿಸಿತ್ತು. 1898ರಲ್ಲಿ ಬೆಂಗಳೂರನ್ನು ತಲುಪಿದ ಪ್ಲೇಗು, ಊರನ್ನು ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವ ಪರಿಪಾಠವನ್ನು ಸಂಸ್ಥಾನದಲ್ಲಿ ವ್ಯಾಪಕಗೊಳಿಸಿತು. ಜನರನ್ನು ಚದುರಿಸುವುದು ಒಂದು ಮಾರ್ಗ. ಒಂದೆಡೆ ಸೇರಿಸಿ ರಕ್ಷಣೆ ನೀಡುವುದು ಇನ್ನೊಂದು. ಭಾರತವು ಸಿಡುಬಿನಿಂದ ಮುಕ್ತವಾಯಿತೆಂದು 1977ರಲ್ಲಿ ಘೋಷಿತವಾದಾಗ ಲಸಿಕೆಯ ಸಾಮರ್ಥ್ಯವು ನಿರ್ವಿವಾದವಾಗಿ ಸಿದ್ಧವಾಗಿತ್ತು.

ಮುಂದಿನ ದಶಕಗಳಲ್ಲಿ ಶಾಲೆಯು ಈ ಎರಡನೆಯ ಮಾರ್ಗದ ಕೇಂದ್ರವಾಯಿತು. 2003ರಲ್ಲಿ ದಕ್ಷಿಣ ಕರ್ನಾಟಕಕ್ಕೂ ವಿಸ್ತರಿಸಿದ ಬಿಸಿಯೂಟದೊಡನೆ ಶುದ್ಧ ನೀರು, ಅಡುಗೆಕೋಣೆಯ ನೈರ್ಮಲ್ಯ ಹಾಗೂ ಕೈತೊಳೆಯುವಿಕೆ ಶಾಲೆಯ ನಿತ್ಯದ ಹೊಣೆಗಳಾದವು. 2015ರಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಆಚರಣೆ ಆರಂಭವಾಯಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ನಡೆದ ದಡಾರ ಮತ್ತು ರುಬೆಲ್ಲಾ ಅಭಿಯಾನವು 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳನ್ನು ಒಳಗೊಂಡು, ಬಹುಮಟ್ಟಿಗೆ ಶಾಲೆಗಳನ್ನೇ ಅವಲಂಬಿಸಿತು. ಇದಕ್ಕೆ ವೈದ್ಯಕೀಯ ಕಾರಣವೂ ಉಂಟು. ದಡಾರವು ಮೈಮೇಲೆ ಗಂದೆ ಏಳುವುದಕ್ಕೆ ಸುಮಾರು 4 ದಿನ ಮೊದಲೇ ಹರಡತೊಡಗುತ್ತದೆ. ಆದ್ದರಿಂದ ರೋಗ ಕಂಡ ಮಗುವನ್ನು ಮನೆಗೆ ಕಳುಹಿಸುವುದು ಅಗತ್ಯವಾದರೂ, ಅದೊಂದೇ ಸಾಲದು.

ನೀರಿನ ಅಭಾವವು ಮತ್ತೊಂದು ಸಮಸ್ಯೆಯನ್ನು ಒಡ್ಡಿದೆ. ಕೊಳವೆಬಾವಿಯ ನೀರು ದಿನವೂ ಬಾರದ ಊರುಗಳಲ್ಲಿ ಡ್ರಮ್ಮು ತೊಟ್ಟಿಗಳಲ್ಲಿ ನೀರನ್ನು ಸಂಗ್ರಹಿಸಿಡುವುದು ಅನಿವಾರ್ಯ. ಡೆಂಗ್ಯೂ ಮತ್ತು ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದು ಇಂತಹ ನೀರಿನಲ್ಲಿಯೇ. ಅದು ಕಚ್ಚುವುದು ಮುಖ್ಯವಾಗಿ ಹಗಲಿನಲ್ಲಿ, ಅಂದರೆ ಮಕ್ಕಳು ಶಾಲೆಯಲ್ಲಿರುವ ವೇಳೆಯಲ್ಲಿ. 2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕವನ್ನು ವ್ಯಾಪಕವಾಗಿ ಬಾಧಿಸಿತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಸಂಗ್ರಹಿಸಿದ ಸೊಳ್ಳೆಗಳಲ್ಲಿ ಝೀಕಾ ವೈರಾಣು ಪತ್ತೆಯಾಯಿತು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಉಜ್ಜಿ ಒಣಗಿಸಿದರೆ ಸೊಳ್ಳೆಯ ಬೆಳವಣಿಗೆಯ ಸರಣಿ ತುಂಡಾಗುತ್ತದೆ. ಆದರೆ ಮರುದಿನ ನೀರು ಬರುವ ಭರವಸೆಯಿಲ್ಲದ ಶಾಲೆಗೆ ಈ ಸಲಹೆಯನ್ನು ಪಾಲಿಸುವುದು ಸುಲಭವಲ್ಲ. ರೋಗ ತಡೆಯ ಪ್ರಶ್ನೆ ಇಲ್ಲಿ ನೀರು ಪೂರೈಕೆಯ ಪ್ರಶ್ನೆಯೂ ಆಗುತ್ತದೆ.

2020ರ ಮಾರ್ಚ್‌ನಲ್ಲಿ ಗೌರಿಬಿದನೂರಿನಲ್ಲಿ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣಗಳು ವರದಿಯಾದವು. ಆ ತಿಂಗಳಲ್ಲಿ ರಾಜ್ಯದಾದ್ಯಂತ ಮುಚ್ಚಿದ ಶಾಲೆಗಳಲ್ಲಿ 1ರಿಂದ 5ನೆಯ ತರಗತಿಗಳು ಪುನರಾರಂಭವಾದದ್ದು 2021ರ ಅಕ್ಟೋಬರ್ 25ರಂದು. ಶಿಕ್ಷಕರೇ ಮಕ್ಕಳಿದ್ದೆಡೆಗೆ ತೆರಳುವ ‘ವಿದ್ಯಾಗಮ’ ಯೋಜನೆ 2020ರ ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್‌ನಲ್ಲಿ ಸ್ಥಗಿತಗೊಂಡಿತು. ಪ್ಲೇಗಿನ ಕಾಲದ ಚದುರಿಸುವ ಮಾರ್ಗವೇ ಮರಳಿ ಬಂದಂತಾಯಿತು. ಆರಂಭದ ದಿನಗಳಲ್ಲಿ ಅದು ಅನಿವಾರ್ಯವಾಗಿತ್ತು. ಆದರೆ ಶಾಲೆ ಮುಚ್ಚಿದಾಗ ಪಾಠದ ಜೊತೆಗೆ ಬಿಸಿಯೂಟವೂ, ಗೈರುಹಾಜರಾದ ಮಗುವನ್ನು ಗುರುತಿಸುವ ಶಿಕ್ಷಕರ ನಿತ್ಯದ ನೋಟವೂ ನಿಂತುಹೋದವು. ಒಂದೇ ವಾರದಲ್ಲಿ ಹಲವು ಮಕ್ಕಳು ಜ್ವರದಿಂದ ಗೈರಾದರೆ, ಹಾಜರಿ ಪುಸ್ತಕವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲ ಸೂಚನೆಯಾಗಬಲ್ಲದು.

ಈ ಸೀಮೆಯ ಜನರಿಗೆ ಸೋಂಕಿನ ತತ್ತ್ವ ಹೊಸದೇನಲ್ಲ. ರೇಷ್ಮೆಗೆ ಹೆಸರಾದ ಶಿಡ್ಲಘಟ್ಟದ ಸುತ್ತಲಿನ ರೈತರು ಪ್ರತಿ ಬೆಳೆಗೆ ಮುನ್ನ ಹುಳುಮನೆಯನ್ನು ಬ್ಲೀಚಿಂಗ್ ಪುಡಿ, ಸುಣ್ಣಗಳಿಂದ ಶುದ್ಧಿಗೊಳಿಸುತ್ತಾರೆ. ರೋಗ ತಗುಲಿದ ಹುಳುಗಳನ್ನು ಆರಿಸಿ ತೆಗೆಯುತ್ತಾರೆ. ಲೂಯಿ ಪಾಶ್ಚರ್ 1865ರಿಂದ ಫ್ರಾನ್ಸಿನಲ್ಲಿ ನಡೆಸಿದ ರೇಷ್ಮೆಹುಳು ರೋಗಗಳ ಅಧ್ಯಯನವೂ ಸಾಂಕ್ರಾಮಿಕ ರೋಗವಿಜ್ಞಾನದ ಆರಂಭದ ಅಧ್ಯಾಯಗಳಲ್ಲಿ ಒಂದು. ಹುಳುಮನೆಯಲ್ಲಿ ರೂಢಿಯಾಗಿರುವ ಈ ಎಚ್ಚರ ಶಾಲೆಯಲ್ಲಿಯೂ ನೆಲೆಗೊಳ್ಳಬೇಕಾದರೆ ಉಪದೇಶ ಸಾಲದು. ನಿತ್ಯ ನೀರು, ಬಳಕೆಗೆ ಯೋಗ್ಯವಾದ ಶೌಚಾಲಯ ಮತ್ತು ಆರೋಗ್ಯ ಕೇಂದ್ರದೊಡನೆ ನೇರ ಸಂಪರ್ಕ ಬೇಕು. ಇವು ಒದಗಿದಾಗ ಮಾತ್ರ, ಮುಂದಿನ ಸೋಂಕಿನ ಸಂದರ್ಭದಲ್ಲಿ ಶಾಲೆಯನ್ನು ಮುಚ್ಚುವುದು ಆಡಳಿತದ ಮೊದಲ ಕ್ರಮವಾಗದೆ ಕೊನೆಯ ಕ್ರಮವಾಗಿ ಉಳಿಯುವುದು ಸಾಧ್ಯ.